ನಮ್ಮ ‘ಅಲ್ಲಿ’ ಒಂದೇ, ಅವರ ಇನ್, ಆನ್, ಅಟ್ ಮೂರು!

‘ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ, ಇಗೆ, ಕ್ಕೆ...’ ಹೈಸ್ಕೂಲಿನಲ್ಲಿ ಇದನ್ನು ಮಗ್ಗಿಯ ಹಾಗೆ ರಾಗವಾಗಿ ಹೇಳದವರು ಯಾರಿದ್ದಾರೆ? ಪರೀಕ್ಷೆ ಮುಗಿದ ಮೇಲೆ ವಿಭಕ್ತಿ ಪ್ರತ್ಯಯಗಳನ್ನು ಅಲ್ಲೇ ಬಿಟ್ಟು ಬಂದೆವು ಎಂದು ನಾವು ತಿಳಿದಿರುತ್ತೇವೆ. ಅವು ಮಾತ್ರ ನಮ್ಮನ್ನು ಬಿಟ್ಟಿರುವುದಿಲ್ಲ. ನಾವು ಇಂಗ್ಲಿಷ್ ಮಾತಾಡಲು ಬಾಯಿ ತೆರೆದ ಕೂಡಲೇ ‘ಇಂದ’, ‘ಗೆ’, ‘ಅಲ್ಲಿ’ ಒಳಗೆ ಕೂತು ಕೆಲಸ ಶುರು ಮಾಡುತ್ತವೆ. ಪ್ರಿಪೊಸಿಷನ್ ತಪ್ಪುವುದು ಅಲ್ಲೇ.

ನಾನು ಕಾರ್ಗಲ್‌ನವಳು. ಸಾಗರದಲ್ಲಿ ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸಂಜೆ ಹೊತ್ತು ನಮ್ಮ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಐದಾರು ಹುಡುಗ ಹುಡುಗಿಯರು ಇಂಗ್ಲಿಷ್ ಪುಸ್ತಕ ಹಿಡಿದು ಬಂದು ಕೂರುತ್ತಾರೆ. ಟೆನ್ಸ್ ಹೇಳಿಕೊಟ್ಟರೆ ಕಲಿಯುತ್ತಾರೆ, ಆ್ಯಕ್ಟಿವ್ ಪ್ಯಾಸಿವ್ ಮಾಡಿಸಿದರೆ ಫಟಾಫಟ್ ಮಾಡುತ್ತಾರೆ. ಪ್ರಿಪೊಸಿಷನ್ ಬಂತೆಂದರೆ ಮಾತ್ರ, ‘ಅಕ್ಕಾ, ಇದಕ್ಕೆ ರೂಲ್ ಎಂತದು?’ ಎಂಬ ಪ್ರಶ್ನೆ. ರೂಲ್ ಇದೆ, ಇಲ್ಲವೆಂದಲ್ಲ. ಆದರೆ ಇಂಗ್ಲಿಷಿನ ರೂಲ್ ಹುಡುಕುವ ಮೊದಲು ನಮ್ಮ ಕನ್ನಡ ಏನು ಮಾಡುತ್ತದೆ ಎಂದು ನೋಡಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಎಷ್ಟೋ ವ್ಯಾಕರಣ ಪುಸ್ತಕಗಳು ಈ ಅರ್ಧವನ್ನು ಬಿಟ್ಟೇ ಪಾಠ ಮಾಡುತ್ತವೆ.

ವಿಷಯ ಇಷ್ಟೇ. ಕನ್ನಡ ಪ್ರತ್ಯಯವನ್ನು ಪದದ ಹಿಂದೆ ಅಂಟಿಸುತ್ತದೆ, ಇಂಗ್ಲಿಷ್ ಪ್ರಿಪೊಸಿಷನ್ನನ್ನು ಪದದ ಮುಂದೆ ನಿಲ್ಲಿಸುತ್ತದೆ. ಹಿಂದೆ ಮುಂದೆ ಆಗುವುದು ದೊಡ್ಡ ತೊಂದರೆ ಅಲ್ಲ. ನಮ್ಮ ಒಂದು ಪ್ರತ್ಯಯ ಮಾಡುವ ಕೆಲಸಕ್ಕೆ ಅಲ್ಲಿ ನಾಲ್ಕೈದು ಜನ ಬೇಕಾಗುತ್ತದೆ, ಅದು ನಿಜವಾದ ತೊಂದರೆ.

ಅದರಲ್ಲೂ ಅತಿ ಹೆಚ್ಚು ದುಡಿಯುವುದು ‘ಇಂದ’. ನಮ್ಮ ಬೀದಿಯ ಹುಡುಗನೊಬ್ಬ ಮೂರು ವರ್ಷ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವನು. ಕೈಚಳಕ ಎಂಥದ್ದೆಂದರೆ, ಮಳೆಯಲ್ಲಿ ನೆನೆದು ಸತ್ತೇಹೋಯಿತು ಅಂದುಕೊಂಡ ಫೋನಿಗೂ ಜೀವ ಕೊಡುತ್ತಾನೆ. ಬೆಂಗಳೂರಿನ ಒಂದು ಕಂಪನಿಯ ಸರ್ವಿಸ್ ಸೆಂಟರಿಗೆ ಇಂಟರ್‌ವ್ಯೂಗೆ ಹೋದ. ‘ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್’ ಅಂದರಂತೆ. ಇವನು ‘ಐ ಆ್ಯಮ್ ವರ್ಕಿಂಗ್ ಇನ್ ಎ ಮೊಬೈಲ್ ಶಾಪ್ ಫ್ರಮ್ ತ್ರೀ ಇಯರ್ಸ್’ ಎಂದ. ಕೂತಿದ್ದ ಇಬ್ಬರಲ್ಲಿ ಒಬ್ಬರು ‘ಫ್ರಮ್?’ ಎಂದು ತಿರುಗಿ ಕೇಳಿ ಪಕ್ಕದವರ ಮುಖ ನೋಡಿ ನಕ್ಕರು. ಅಷ್ಟೇ. ಮುಂದೆ ಸರ್ಕ್ಯೂಟ್ ಬಗ್ಗೆ ಕೇಳಿದ ಪ್ರಶ್ನೆಗಳಿಗೂ ಇವನ ಬಾಯಿ ತೆರೆಯಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಗಳು ಅವು.

ಆ ನಗು ಸರಿಯಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅವನು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಿತ್ತು. ಫೋನ್ ಬಿಚ್ಚುವವನಿಗೆ ‘ಫಾರ್’ ಯಾಕೆ ಬೇಕು ಎಂದು ಜಗಳ ಮಾಡಬಹುದು. ಮಾಡಿದರೂ ಕೆಲಸ ಅವರ ಕೈಯಲ್ಲಿದೆ ಮಾರಾಯ್ರೆ. ಹಾಗಾಗಿ ಅವನ ‘ಫ್ರಮ್’ ಎಲ್ಲಿಂದ ಬಂತು ಎಂದು ನೋಡುವುದೇ ಲಾಭ. ಅದು ಬಂದದ್ದು ‘ಮೂರು ವರ್ಷದಿಂದ’ ಎಂಬುದರ ‘ಇಂದ’ದಿಂದ. ಕನ್ನಡದಲ್ಲಿ ‘ಮೂರು ವರ್ಷದಿಂದ’ ಎಂದರೂ ‘ಇಂದ’, ‘2022ರಿಂದ’ ಎಂದರೂ ‘ಇಂದ’, ‘ಸಾಗರದಿಂದ ಬಂದೆ’ ಎಂದರೂ ‘ಇಂದ’. ಇಂಗ್ಲಿಷಿಗೆ ಇವು ಮೂರು ಬೇರೆ ಬೇರೆ ಸಂಗತಿಗಳು. ಎಷ್ಟು ಕಾಲ ಎಂಬ ಅಳತೆಯಿದ್ದರೆ ಫಾರ್: ‘ಫಾರ್ ತ್ರೀ ಇಯರ್ಸ್’. ಯಾವಾಗಿನಿಂದ ಎಂಬ ಆರಂಭದ ಬಿಂದುವಿದ್ದರೆ ಸಿನ್ಸ್: ‘ಸಿನ್ಸ್ 2022’. ಜಾಗದಿಂದ ಹೊರಟರೆ ಫ್ರಮ್: ‘ಫ್ರಮ್ ಸಾಗರ’. ಪಕ್ಕದಲ್ಲಿರುವ ಕ್ರಿಯಾಪದವೂ ಬದಲಾಗಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ತ್ರೀ ಇಯರ್ಸ್’. ಇಂಟರ್‌ವ್ಯೂಗೆ ಹೋಗುವವರು ಬೇರೇನೂ ಅಭ್ಯಾಸ ಮಾಡದಿದ್ದರೂ ಈ ಒಂದು ವಾಕ್ಯವನ್ನು ತಮ್ಮ ಓದಿಗೋ ಕೆಲಸಕ್ಕೋ ಹೊಂದಿಸಿಕೊಂಡು ಇಪ್ಪತ್ತು ಸಲ ಜೋರಾಗಿ ಹೇಳಿಕೊಳ್ಳಬೇಕು. ಯಾಕೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ.

‘ಇಂದ’ದ ಕೆಲಸ ಇಲ್ಲಿಗೇ ಮುಗಿಯುವುದಿಲ್ಲ. ಕತ್ತಿಯಿಂದ ಅಡಿಕೆ ಸುಲಿದರೆ ವಿತ್. ಜ್ವರದಿಂದ ನರಳಿದರೆ ಫ್ರಮ್. ಸಿಮೆಂಟಿನಿಂದ ಕಟ್ಟಿದ್ದಾದರೆ ‘ಮೇಡ್ ಆಫ್’. ಬಸ್ಸಿನಿಂದ ಇಳಿದರೆ ‘ಗಾಟ್ ಆಫ್ ದ ಬಸ್’, ಈ ‘ಆಫ್’ಗೆ ಎರಡು ಎಫ್. ಕಾರಿನಿಂದ ಇಳಿದರೆ ‘ಗಾಟ್ ಔಟ್ ಆಫ್ ದ ಕಾರ್’. ಕೆರೆ ನೀರಿನಿಂದ ತುಂಬಿದ್ದರೆ ‘ಫಿಲ್ಡ್ ವಿತ್ ವಾಟರ್’, ಅದನ್ನೇ ಇನ್ನೊಂದು ಪದದಲ್ಲಿ ಹೇಳಿದರೆ ‘ಫುಲ್ ಆಫ್ ವಾಟರ್’. ಒಬ್ಬರಿಂದ ಆದ ಕೆಲಸವಾದರೆ ಬೈ. ಒಂದೇ ಬೀಗದಕೈಯಿಂದ ಏಳು ಬಾಗಿಲು ತೆಗೆದು ಅಭ್ಯಾಸವಾದವರ ಕೈಗೆ ಏಳು ಬೀಗದಕೈ ಕೊಟ್ಟಂತೆ ಇದು. ಹುಡುಕುವುದಕ್ಕೆ ಹೊತ್ತು ಹಿಡಿಯುವುದು ಸಹಜ, ಅದಕ್ಕಾಗಿ ಯಾರನ್ನೂ ದಡ್ಡರು ಎನ್ನಬೇಕಿಲ್ಲ. ಜರ್ಮನಿಯಿಂದ ಬಂದು ಕನ್ನಡ ಕಲಿತು, 1894ರಲ್ಲಿ ನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಹೊರತಂದ ಕಿಟೆಲ್ ಅವರೂ ಈ ಸೇತುವೆಯನ್ನು ಆಚೆ ಕಡೆಯಿಂದ ದಾಟಿ ಬಂದವರೇ.

ಇನ್ನು ‘ಅಲ್ಲಿ’ಗೆ ಬರೋಣ. ಸಪ್ತಮೀ ವಿಭಕ್ತಿ. ಮನೆಯಲ್ಲಿ, ರಸ್ತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಂದು ನಾವು ಕಣ್ಣುಮುಚ್ಚಿ ಹೇಳುತ್ತೇವೆ. ಇಂಗ್ಲಿಷ್ ಇಲ್ಲಿ ಮೂರು ಚಿತ್ರ ಬಿಡಿಸುತ್ತದೆ. ಸುತ್ತ ಗೋಡೆಯೋ ಗಡಿಯೋ ಇದ್ದು ಅದರ ಒಳಗಿದ್ದರೆ ಇನ್. ಒಂದು ಮೈಗೆ ಅಥವಾ ಗೆರೆಗೆ ತಾಗಿಕೊಂಡಿದ್ದರೆ ಆನ್. ನಕ್ಷೆಯಲ್ಲಿ ಪೆನ್ಸಿಲ್ಲಿನಿಂದ ಇಟ್ಟ ಚುಕ್ಕೆಯಂತೆ ಕಂಡರೆ ಅಟ್. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅವು ಸಾಮಾನ್ಯವಾಗಿ ಹೇಳದ ಮಾತೊಂದಿದೆ: ಒಂದೇ ಜಾಗ ಒಬ್ಬರಿಗೆ ಇನ್ ಆಗಿ ಇನ್ನೊಬ್ಬರಿಗೆ ಅಟ್ ಆಗಬಹುದು. ನಾನು ‘ಐ ಲಿವ್ ಇನ್ ಕಾರ್ಗಲ್’ ಎನ್ನುತ್ತೇನೆ. ಭಟ್ಕಳದ ಕಡೆಗೆ ಹೋಗುವ ಪ್ರಯಾಣಿಕರು ‘ದ ಬಸ್ ಸ್ಟಾಪ್ಡ್ ಅಟ್ ಕಾರ್ಗಲ್ ಫಾರ್ ಟೆನ್ ಮಿನಿಟ್ಸ್’ ಎನ್ನುತ್ತಾರೆ. ಇಬ್ಬರೂ ಸರಿ. ಅವರಿಗೆ ನಮ್ಮೂರು ದಾರಿಯ ಮೇಲಿನ ಒಂದು ಚುಕ್ಕೆ, ಟೀ ಕುಡಿದು ಹೋಗುವ ಜಾಗ. ನಮಗೆ ಅದು ಒಳಗೆ ಬದುಕುವ ಊರು. ಅಂದರೆ ಜಾಗ ಎಷ್ಟು ದೊಡ್ಡದು ಎಂಬುದಕ್ಕಿಂತ ಹೇಳುವವರು ಅದನ್ನು ಹೇಗೆ ನೋಡುತ್ತಿದ್ದಾರೆ ಎಂಬುದು ಮುಖ್ಯ. ‘ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಅಟ್’ ಎಂದು ಕೆಲವು ಗೈಡುಗಳಲ್ಲಿ ಬರೆದಿರುತ್ತದೆ. ಆ ಸೂತ್ರವನ್ನು ನಂಬಿಕೊಂಡು ಸ್ವಂತ ಊರಿನ ಮುಂದೆ ಅಟ್ ಹಾಕುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ.

ನದಿಯ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನದಿ ದಂಡೆಯ ಊರಿಗೆ ಇಂಗ್ಲಿಷಿನಲ್ಲಿ ಆನ್. ನದಿಯನ್ನು ಒಂದು ಗೆರೆ ಎಂದುಕೊಂಡು ಊರು ಆ ಗೆರೆಗೆ ತಾಗಿದೆ ಎನ್ನುವ ಲೆಕ್ಕ. ಇನ್ ಎಂದರೆ ನೀರೊಳಗೆ. ನಮ್ಮ ಜಗಲಿಯಲ್ಲಿ ಈ ಪಾಠ ನಡೆಯುವಾಗ ಅಜ್ಜಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಅವರದು ಮುಳುಗಡೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ ತೋಟಗಳ ಜೊತೆಗೆ ಕೆಳಗೆ ಹೋದ ಊರುಗಳಲ್ಲಿ ಅದೂ ಒಂದು. ನಾನು ಬೋರ್ಡಿನಲ್ಲಿ ಎರಡು ವಾಕ್ಯ ಬರೆದೆ: ‘ಮೈ ಗ್ರ್ಯಾಂಡ್‌ಮದರ್ಸ್ ವಿಲೇಜ್ ವಾಸ್ ಆನ್ ದ ಶರಾವತಿ. ಇಟ್ ಈಸ್ ನೌ ಇನ್ ದ ಶರಾವತಿ.’ ಹುಡುಗರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದಾದ ಮೇಲೆ ಅವರಲ್ಲಿ ಯಾರೂ ಈ ಎರಡನ್ನು ಅದಲುಬದಲು ಮಾಡಿದ್ದನ್ನು ನಾನು ಕಂಡಿಲ್ಲ.

ಶರಾವತಿಯನ್ನೇ ಹಿಡಿದು ಹೊರಟರೆ ಒಂದೇ ವಾಕ್ಯದಲ್ಲಿ ಎಷ್ಟೋ ಪ್ರಿಪೊಸಿಷನ್ ಸಿಗುತ್ತವೆ. ‘ದ ಶರಾವತಿ ರೈಸಸ್ ಅಟ್ ಅಂಬುತೀರ್ಥ ಇನ್ ತೀರ್ಥಹಳ್ಳಿ ತಾಲ್ಲೂಕ್, ಫ್ಲೋಸ್ ಥ್ರೂ ಹೊಸನಗರ ತಾಲ್ಲೂಕ್, ವೇಟ್ಸ್ ಬಿಹೈಂಡ್ ದ ಡ್ಯಾಮ್ ಅಟ್ ಲಿಂಗನಮಕ್ಕಿ, ಡ್ರಾಪ್ಸ್ ಓವರ್ ದ ಕ್ಲಿಫ್ ಅಟ್ ಜೋಗ್, ಆ್ಯಂಡ್ ರನ್ಸ್ ಇಂಟು ದ ಅರೇಬಿಯನ್ ಸೀ ಅಟ್ ಹೊನ್ನಾವರ.’ ಅಂಬುತೀರ್ಥ ಒಂದು ಚುಕ್ಕೆ, ಹಾಗಾಗಿ ಅಟ್. ತಾಲ್ಲೂಕಿಗೆ ಗಡಿಯಿದೆ, ಹಾಗಾಗಿ ಇನ್. ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಟರೆ ಥ್ರೂ. ಬಂಡೆಯ ಅಂಚು ದಾಟಿ ಕೆಳಗೆ ಬೀಳುವುದಕ್ಕೆ ಓವರ್. ಹೊರಗಿನಿಂದ ಒಳಗೆ ಸೇರುವ ಚಲನೆಗೆ ಇಂಟು. ಅಣೆಕಟ್ಟು ನದಿಗೆ ಅಡ್ಡಲಾಗಿದೆಯಲ್ಲ, ಅದಕ್ಕೆ ‘ದ ಡ್ಯಾಮ್ ಅಕ್ರಾಸ್ ದ ಶರಾವತಿ’. ‘ನದಿಗೆ’ ಎಂಬ ‘ಗೆ’ ನೋಡಿಕೊಂಡು ‘ಡ್ಯಾಮ್ ಟು ದ ರಿವರ್’ ಎಂದು ಬರೆದ ಪ್ರಬಂಧಗಳನ್ನು ನಾನು ಕಂಡಿದ್ದೇನೆ. ನಿಮ್ಮದು ತುಂಗೆಯ ಊರೋ ಕಾಳಿಯ ಊರೋ ಆಗಿದ್ದರೆ ಆ ನದಿಯನ್ನು ಹುಟ್ಟಿನಿಂದ ಕಡಲಿನವರೆಗೋ ಸಂಗಮದವರೆಗೋ ಒಂದು ವಾಕ್ಯದಲ್ಲಿ ಹರಿಸಿ ನೋಡಿ.

ವಾಹನಗಳದ್ದು ಇನ್ನೊಂದು ತಮಾಷೆ. ನಮಗೆ ಬಸ್ಸಲ್ಲಿ, ಕಾರಲ್ಲಿ, ಬೈಕಲ್ಲಿ, ಲಾಂಚಲ್ಲಿ ಎಲ್ಲವೂ ‘ಅಲ್ಲಿ’. ಇಂಗ್ಲಿಷಿನಲ್ಲಿ ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಬಹುದಾದ ವಾಹನಕ್ಕೆ ಸಾಮಾನ್ಯವಾಗಿ ಆನ್, ಮುದುರಿ ಕೂರಬೇಕಾದದ್ದಕ್ಕೆ ಇನ್. ಬಸ್, ತಾಳಗುಪ್ಪದ ರೈಲು, ಹಿನ್ನೀರು ದಾಟಿಸುವ ಲಾಂಚ್ ಎಲ್ಲಕ್ಕೂ ಆನ್. ಕಾರು, ಆಟೋಗೆ ಇನ್. ಬೈಕಿನ ಮೇಲೆ ಕೂರುವುದರಿಂದ ಅದಕ್ಕೂ ಆನ್. ‘ಬೈ’ ಹಾಕುವುದಾದರೆ ಪದ ಬೋಳಾಗಿರಬೇಕು: ‘ಬೈ ಬಸ್’ ಸರಿ, ‘ಬೈ ಮೈ ಕಾರ್’ ತಪ್ಪು, ಅದು ‘ಇನ್ ಮೈ ಕಾರ್’. ಜೋಗ ನೋಡಲು ಬಂದ ಹೊರರಾಜ್ಯದವರೊಬ್ಬರು ಹೊಸದಾಗಿ ಕಲಿತ ಕನ್ನಡದಲ್ಲಿ ‘ನಾವು ಬಸ್ಸಿನ ಮೇಲೆ ಬಂದ್ವಿ’ ಅಂದಿದ್ದರು. ಅಂಗಡಿಯವರು ನಗಲಿಲ್ಲ. ಬಸ್ಸಿನ ಟಾಪ್ ಮೇಲೆ ಕೂತು ಓಡಾಡಿದ ಕಾಲವನ್ನು ಕಂಡವರಾದ್ದರಿಂದ, ‘ಹೌದಾ, ಒಳಗೆ ಸೀಟ್ ಇರ್ಲಿಲ್ವಾ?’ ಎಂದು ನಿಜವಾಗಿಯೂ ಮರುಕದಿಂದ ಕೇಳಿದರು.

ಕಾಲದ ವಿಷಯಕ್ಕೆ ಬಂದರೆ ಕನ್ನಡ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ಯಾಕೋ ಇದನ್ನು ಯಾರೂ ಹೇಳಿಕೊಡುವುದಿಲ್ಲ. ‘ಆರು ಗಂಟೆಗೆ’, ‘ಸೋಮವಾರದಂದು’, ‘1964ರಲ್ಲಿ’ ಎಂದು ನಾವೂ ಮೂರು ಬೇರೆ ಬೇರೆ ರೀತಿ ಹೇಳುತ್ತೇವಲ್ಲ! ‘ಗೆ’ ಇದ್ದಲ್ಲಿ ಅಟ್, ‘ಅಂದು’ ಇದ್ದಲ್ಲಿ ಆನ್, ‘ಅಲ್ಲಿ’ ಇದ್ದಲ್ಲಿ ಇನ್. ‘ಅಟ್ ಸಿಕ್ಸ್’, ‘ಆನ್ ಮಂಡೇ’, ‘ಇನ್ 1964’. ಜೂನ್‌ನಲ್ಲಿ, ಮಳೆಗಾಲದಲ್ಲಿ, ಎಲ್ಲ ಇನ್. ‘ಇನ್ ದ ಮಾರ್ನಿಂಗ್’ ಆದರೂ ‘ಅಟ್ ನೈಟ್’ ಎಂಬ ಒಂದು ಹಟಮಾರಿ ಉಳಿಯುತ್ತದೆ, ಅದನ್ನು ಹಾಗೇ ಬಾಯಿಪಾಠ ಮಾಡಿಕೊಳ್ಳಿ. ಲಾಸ್ಟ್, ನೆಕ್ಸ್ಟ್, ದಿಸ್ ಬಂದರೆ ಮುಂದೆ ಏನೂ ಬೇಡ: ‘ಐ ಮೆಟ್ ಹರ್ ಲಾಸ್ಟ್ ಸಂಡೇ’.

ಇಲ್ಲಿಯವರೆಗಿನದು ತಪ್ಪಿದರೂ ಎದುರಿನವರಿಗೆ ಅರ್ಥವಾಗುತ್ತದೆ. ಮುಂದಿನದು ತಪ್ಪಿದರೆ ಅರ್ಥವೇ ತಪ್ಪುತ್ತದೆ. ಮಳೆಗಾಲ ಬಂತೆಂದರೆ ನಮ್ಮೂರಿನಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿ ಮೊದಲು ನೋಡುವುದು ಲಿಂಗನಮಕ್ಕಿಯ ನೀರಿನ ಮಟ್ಟ. ಪೂರ್ಣ ಮಟ್ಟ 1819 ಅಡಿ ಎಂಬುದು ಇಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತು. ನಿನ್ನೆ 1790 ಅಡಿ ಇದ್ದದ್ದು ಇಂದು 1794 ಅಡಿ ಆಯಿತು ಎಂದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ‘ದ ಲೆವೆಲ್ ರೋಸ್ ಬೈ ಫೋರ್ ಫೀಟ್ ಟು 1794 ಫೀಟ್’. ಎಷ್ಟು ಏರಿತು ಎಂಬುದಕ್ಕೆ ಬೈ, ಎಲ್ಲಿಗೆ ಏರಿತು ಎಂಬುದಕ್ಕೆ ಟು. ಕನ್ನಡದಲ್ಲಿ ‘4 ಅಡಿ ಏರಿತು’, ‘1794 ಅಡಿಗೆ ಏರಿತು’ ಎಂಬ ವ್ಯತ್ಯಾಸ ನಮಗೆ ಸಲೀಸು. ಇದೇ ಸಂಗತಿ ಸಂಬಳಕ್ಕೆ ಬಂದಾಗ ನೋಡಿ. 18,000 ರೂಪಾಯಿ ಸಂಬಳ ‘ಇನ್‌ಕ್ರೀಸ್ಡ್ ಟು 20,000’ ಎಂದರೆ ಹೆಚ್ಚಾದದ್ದು ಎರಡು ಸಾವಿರ. ‘ಇನ್‌ಕ್ರೀಸ್ಡ್ ಬೈ 20,000’ ಎಂದರೆ ಸಂಬಳ 38,000 ಆಗಬೇಕು. ಆಫರ್ ಲೆಟರ್ ಓದುವಾಗ ಈ ಎರಡಕ್ಷರದ ಪದಗಳ ಮೇಲೆ ಬೆರಳಿಟ್ಟು ಓದಬೇಕು. ಬ್ಯಾಂಕ್ ಪರೀಕ್ಷೆಯ ಲೆಕ್ಕಗಳಲ್ಲೂ ‘ಬೈ 20 ಪರ್ಸೆಂಟ್’, ‘ಟು 20 ಪರ್ಸೆಂಟ್’ ಎಂಬ ಬಲೆ ಇದ್ದೇ ಇರುತ್ತದೆ. ಗಣಿತ ಸರಿ ಬಂದೂ ಉತ್ತರ ತಪ್ಪುವುದು ಇಂಥಲ್ಲಿ.

ಬೇಡದ ಕಡೆ ಪ್ರಿಪೊಸಿಷನ್ ಹಾಕುವ ಚಾಳಿಯೂ ನಮ್ಮಲ್ಲಿದೆ. ‘ಇದರ ಬಗ್ಗೆ ಚರ್ಚಿಸೋಣ’ ಎಂದು ಹೇಳಿ ಅಭ್ಯಾಸ, ಹಾಗಾಗಿ ‘ಡಿಸ್ಕಸ್ ಅಬೌಟ್’. ಡಿಸ್ಕಸ್ ಎಂಬ ಪದದ ಹೊಟ್ಟೆಯಲ್ಲೇ ‘ಬಗ್ಗೆ’ ಇದೆ, ಮತ್ತೆ ಬೇಡ. ‘ಎಂಟರ್ ಇಂಟು ದ ರೂಮ್’ ಬೇಡ, ‘ಎಂಟರ್ ದ ರೂಮ್’ ಸಾಕು. ‘ಕೋಪ್ ಅಪ್ ವಿತ್’ ಅಲ್ಲ, ‘ಕೋಪ್ ವಿತ್’. ‘ಆರ್ಡರ್ ಫಾರ್ ಟು ಕಾಫಿ’ ಎಂದು ಹೋಟೆಲಿನಲ್ಲಿ ಹೇಳಿದರೆ ಕಾಫಿ ಬರುತ್ತದೆ, ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ ಬರುವುದಿಲ್ಲ. ಇದಕ್ಕೆ ವಿರುದ್ಧವಾದದ್ದೂ ಇದೆ: ‘ಎಕ್ಸ್‌ಪ್ಲೇನ್ ಮಿ’ ತಪ್ಪು, ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಸರಿ. ಅದೇ ಅರ್ಥದ ‘ಟೆಲ್ ಮಿ’ಗೆ ಟು ಬೇಡ. ಯಾಕೆ ಹೀಗೆ ಎಂದು ಕೇಳಬೇಡಿ, ‘ನಾಯಿಯನ್ನು ಕಂಡೆ’ ಎನ್ನುವ ನಾವು ‘ನಾಯಿಗೆ ಹೆದರಿದೆ’ ಎಂದು ಯಾಕೆ ಹೇಳುತ್ತೇವೆ ಎಂದು ಅವರು ಕೇಳಿದರೆ ನಮ್ಮ ಹತ್ತಿರವೂ ಉತ್ತರವಿಲ್ಲ.

ಅದಕ್ಕೇ ನಾನು ಕ್ರಿಯಾಪದವನ್ನಾಗಲಿ ಗುಣವಾಚಕವನ್ನಾಗಲಿ ಒಂಟಿಯಾಗಿ ಬರೆಸುವುದಿಲ್ಲ. ‘ಅಫ್ರೇಡ್’ ಅಲ್ಲ, ‘ಅಫ್ರೇಡ್ ಆಫ್’. ‘ಗುಡ್ ಅಟ್ ಮ್ಯಾಥ್ಸ್’, ನಮ್ಮ ‘ಗಣಿತದಲ್ಲಿ’ ಇಲ್ಲಿ ಮೋಸ ಮಾಡಿ ಇನ್ ಹಾಕಿಸುತ್ತದೆ. ‘ಮ್ಯಾರೀಡ್ ಟು’, ವಿತ್ ಅಲ್ಲ. ‘ನನ್ನ ಮೇಲೆ ಸಿಟ್ಟು’ ಎಂಬುದರ ‘ಮೇಲೆ’ ನೋಡಿ ‘ಆ್ಯಂಗ್ರಿ ಆನ್ ಮಿ’ ಎನ್ನುವವರು ಬಹಳ, ಅದು ‘ಆ್ಯಂಗ್ರಿ ವಿತ್ ಮಿ’. ಹಾಗೆಂದು ಕನ್ನಡವನ್ನು ಪೂರ್ತಿ ದೂರ ಇಡಬೇಕಿಲ್ಲ. ‘ಮಳೆಯ ಮೇಲೆ ಅವಲಂಬನೆ’ ಎನ್ನುವಾಗ ಅದೇ ‘ಮೇಲೆ’ ‘ಡಿಪೆಂಡ್ ಆನ್’ ಆಗಿ ಸರಿಯಾಗಿ ಕೂರುತ್ತದೆ, ‘ಸಂಗೀತದಲ್ಲಿ ಆಸಕ್ತಿ’ ‘ಇಂಟರೆಸ್ಟೆಡ್ ಇನ್’ ಆಗುತ್ತದೆ. ಕೆಲಸ ಹುಡುಕುವವರಿಗೆ ದಿನಾ ಬೇಕಾದದ್ದು ಇನ್ನೊಂದಿದೆ: ‘ಅಪ್ಲೈ ಫಾರ್ ಎ ಜಾಬ್’, ‘ಅಪ್ಲೈ ಟು ಎ ಕಂಪನಿ’. ಕೆಲಸಕ್ಕೆ ಎಂದರೂ ಕಂಪನಿಗೆ ಎಂದರೂ ನಮಗೆ ಚತುರ್ಥಿಯೇ. ಏನು ಬೇಕೋ ಅದಕ್ಕೆ ಫಾರ್, ಯಾರಿಗೆ ಕಳಿಸುತ್ತೇವೋ ಅವರಿಗೆ ಟು.

ಇವನ್ನು ಕಲಿಯಲು ನಾನು ಕಂಡ ಸುಲಭದ ದಾರಿ ಪಟ್ಟಿ ಉರು ಹೊಡೆಯುವುದಲ್ಲ. ಬೆಳಿಗ್ಗೆ ಕನ್ನಡ ಪೇಪರಿನಲ್ಲಿ ಓದಿದ ಸುದ್ದಿಯನ್ನೇ ಲೈಬ್ರರಿಯಲ್ಲಿ ಇಂಗ್ಲಿಷ್ ಪೇಪರಿನಲ್ಲಿ ಮತ್ತೊಮ್ಮೆ ಓದಿ. ವಿಷಯ ಗೊತ್ತಿರುವುದರಿಂದ ಅರ್ಥಕ್ಕೆ ತಡಕಾಡಬೇಕಿಲ್ಲ, ಕಣ್ಣು ಸಣ್ಣ ಪದಗಳ ಮೇಲೆ ನಿಲ್ಲುತ್ತದೆ. ದಿನಕ್ಕೆ ಐದು ಜೋಡಿ ಬರೆದುಕೊಂಡರೂ ಎರಡು ತಿಂಗಳಿಗೆ ಮುನ್ನೂರು. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು, ಒಂದಕ್ಕೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನ 100ರಲ್ಲಿ 30 ಇಂಗ್ಲಿಷ್. ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಪ್ರಿಪೊಸಿಷನ್ ಇಣುಕದೆ ಇರುವುದಿಲ್ಲ. ಕಟ್ ಆಫ್ ಹತ್ತಿರ ಅರ್ಧ ಅಂಕಕ್ಕೆ ಎಷ್ಟು ಜನ ನಿಂತಿರುತ್ತಾರೆ ಎಂಬುದು ಬರೆದವರಿಗೆಲ್ಲ ಗೊತ್ತು.

ಪರೀಕ್ಷೆಯ ಒಳಗಿಗಿಂತ ಪರೀಕ್ಷೆಯ ನೋಟಿಫಿಕೇಷನ್ನಿನಲ್ಲಿ ಇರುವ ಪ್ರಿಪೊಸಿಷನ್‌ಗಳ ಬಗ್ಗೆ ನನಗೆ ಹೆಚ್ಚು ಹೆದರಿಕೆ. ನನ್ನ ಗೆಳತಿಗೆ ಒಂದು ಖಾಸಗಿ ಸಂಸ್ಥೆಯಿಂದ ಮೇಲ್ ಬಂತು: ಮೂಲ ದಾಖಲೆಗಳನ್ನು ಶಿವಮೊಗ್ಗದ ಕಚೇರಿಗೆ ‘ಬೈ 5 ಪಿಎಂ ಆನ್ ಫ್ರೈಡೇ’ ತಲುಪಿಸಬೇಕು. ಅವಳ ಕಣ್ಣು ‘ಆನ್ ಫ್ರೈಡೇ’ ಮೇಲೆ ನಿಂತಿತು, ಶುಕ್ರವಾರವೇ ಬರಲು ಹೇಳಿದ್ದಾರೆ ಅಂದುಕೊಂಡಳು. ಸೋಮವಾರದಿಂದ ಗುರುವಾರದವರೆಗೆ ದಾಖಲೆಗಳು ಚೀಲದಲ್ಲೇ ಇದ್ದವು. ಶುಕ್ರವಾರ ಹೊರಟಳು. ಜುಲೈ ತಿಂಗಳ ಮಳೆ, ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು. ಇಲ್ಲಿಂದ ಶಿವಮೊಗ್ಗಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಅವಳು ತಲುಪಿದಾಗ ಐದೂವರೆ, ಬಾಗಿಲು ಹಾಕಿತ್ತು. ಸೋಮವಾರ ಫೋನ್ ಮಾಡಿದರೆ ಕಾಯುವ ಪಟ್ಟಿಯಲ್ಲಿದ್ದವರನ್ನು ಕರೆದಾಗಿದೆ ಎಂದರು. ಆ ‘ಬೈ’ಗೆ ಕನ್ನಡದ ಸರಿಯಾದ ಪದ ‘ಒಳಗೆ’. ಶುಕ್ರವಾರ ಸಂಜೆ ಐದರೊಳಗೆ ಎಂದರೆ ಮಂಗಳವಾರವೂ ಆಗುತ್ತದೆ, ಬುಧವಾರವೂ ಆಗುತ್ತದೆ. ‘ಆನ್ ಆರ್ ಬಿಫೋರ್’ ಎಂದಿದ್ದರೆ ಆ ದಿನವೂ ಸೇರಿ ಅದರೊಳಗೆ. ‘ಅನ್‌ಟಿಲ್’ ಎಂದರೆ ‘ವರೆಗೆ’: ‘ದ ಆಫೀಸ್ ಈಸ್ ಓಪನ್ ಅನ್‌ಟಿಲ್ ಫೈವ್’. ಒಳಗೆ ಮುಗಿಯಬೇಕಾದ ಕೆಲಸಕ್ಕೆ ಬೈ, ವರೆಗೆ ನಡೆಯುತ್ತಲೇ ಇರುವುದಕ್ಕೆ ಅನ್‌ಟಿಲ್. ಕನ್ನಡ ಇವನ್ನು ಎಷ್ಟು ಚೊಕ್ಕವಾಗಿ ಬೇರೆ ಮಾಡುತ್ತದೆ ನೋಡಿ.

‘ವಿದಿನ್ ಸೆವೆನ್ ಡೇಸ್ ಆಫ್ ರಿಸೀಟ್’ ಎಂದರೆ ಪತ್ರ ಕೈಸೇರಿದ ಏಳು ದಿನಗಳೊಳಗೆ, ಪತ್ರದ ಮೇಲಿನ ತಾರೀಕಿನಿಂದ ಅಲ್ಲ. ‘ರಿಸಲ್ಟ್ಸ್ ವಿಲ್ ಬಿ ಔಟ್ ಇನ್ ಟೆನ್ ಡೇಸ್’ ಎಂದರೆ ಸಾಮಾನ್ಯವಾಗಿ ಇನ್ನು ಹತ್ತು ದಿನ ಕಳೆದ ಮೇಲೆ, ನಾಳೆಯಿಂದಲೇ ವೆಬ್‌ಸೈಟ್ ಒತ್ತುತ್ತಾ ಕೂರಬೇಕಿಲ್ಲ. ‘ಆ್ಯಸ್ ಆನ್ 1 ಆಗಸ್ಟ್’ ಎಂದು ವಯಸ್ಸಿನ ಪಕ್ಕದಲ್ಲಿದ್ದರೆ ನೀವು ಅರ್ಜಿ ತುಂಬುವ ದಿನದ ವಯಸ್ಸು ಲೆಕ್ಕಕ್ಕಿಲ್ಲ, ಆಗಸ್ಟ್ ಒಂದರಂದು ಎಷ್ಟಾಗಿರುತ್ತದೋ ಅಷ್ಟು. ಒಂದು ವಾರದ ಅಂತರದಲ್ಲಿ ವಯೋಮಿತಿ ದಾಟಿದವರು, ದಾಟಿದ್ದೇವೆಂದು ತಪ್ಪು ತಿಳಿದು ಅರ್ಜಿಯನ್ನೇ ಹಾಕದವರು, ಇಬ್ಬರೂ ನಮ್ಮ ಜಗಲಿಗೆ ಬಂದಿದ್ದಾರೆ. ಹಾಗಾಗಿ ಈಗ ಯಾರ ಮೊಬೈಲಿಗೆ ನೋಟಿಫಿಕೇಷನ್ ಬಂದರೂ ಅದನ್ನು ಪ್ರಿಂಟ್ ಹಾಕಿಸಿ ತರಲು ಹೇಳುತ್ತೇನೆ. ಮೊದಲ ಅರ್ಧ ಗಂಟೆ ಅರ್ಹತೆ, ಸಂಬಳ ಏನನ್ನೂ ಓದುವಂತಿಲ್ಲ. ಕೆಂಪು ಪೆನ್ನು ಹಿಡಿದು ತಾರೀಕುಗಳನ್ನು ಹುಡುಕಬೇಕು, ಪ್ರತಿಯೊಂದು ತಾರೀಕಿನ ಮುಂದಿರುವ ಸಣ್ಣ ಪದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಒಳಗೆ, ಅಂದು, ವರೆಗೆ, ನಂತರ ಎಂದು ಕನ್ನಡದಲ್ಲಿ ಬರೆಯಬೇಕು. ಕಳೆದ ಬಾರಿಯ ಕಾಗದದಲ್ಲಿ ಅಂಥ ಹನ್ನೊಂದು ಸುತ್ತು ಬಿದ್ದವು. ಅತಿ ಹೆಚ್ಚು ಹುಡುಕಿದವಳು ಆ ಗೆಳತಿಯೇ.